ಗೋವಿನಜೋಳದ ತಲೆಗೆ ಕುಡುಗೋಲು ಹಾಕುವ ಮುನ್ನ

ನಿನ್ನೆಯಿಂದ ಮೂವರು ಒಂದೇ ವಿಡಿಯೊ ಕಳಿಸಿದ್ದಾರೆ. ಗೋವಿನಜೋಳದ ಸಾಲಿನ ನಡುವೆ ನಿಂತ ಯುವಕನೊಬ್ಬ ಕೆಳಗಿನ ಎಲೆ, ಮೇಲಿನ ಸೂಲಂಗಿ (ದಂಟಿನ ತುದಿಯ ಗಂಡು ಹೂವು) ಎಲ್ಲವನ್ನೂ ಸವರಿ ಹಾಕಿ, ಇನ್ನು ಸತ್ವವೆಲ್ಲ ತೆನೆಗೇ ಹೋಗುತ್ತದೆ ಎನ್ನುತ್ತಾನೆ. ದ್ರಾಕ್ಷಿ ಬಳ್ಳಿ ಸವರುವ ಚಾಟನಿ ಕಂಡವರಿಗೆ, ನುಗ್ಗೆಯ ಕುಡಿ ಚಿವುಟಿದವರಿಗೆ ಹೌದಲ್ಲವೇ ಎನಿಸಬಹುದು. ಆದರೆ ದ್ರಾಕ್ಷಿಯನ್ನು ಸವರಿದರೆ ಹೊಸ ಚಿಗುರು ಬರುತ್ತದೆ, ಆ ಚಿಗುರಿನಲ್ಲೇ ಗೊನೆ ಬಿಡುತ್ತದೆ. ಗೋವಿನಜೋಳ ಸೂಲಂಗಿ ಹೊರಹಾಕಿದ ಮೇಲೆ ಆ ದಂಟಿನಲ್ಲಿ ಒಂದೇ ಒಂದು ಹೊಸ ಎಲೆ ಮೂಡುವುದಿಲ್ಲ. ಇರುವಷ್ಟು ಎಲೆಯೇ ಕಾಳಿಗೆ ಅಡುಗೆಮನೆ. ಅದರಲ್ಲೂ ತೆನೆಯ ಪಕ್ಕದ ಮತ್ತು ಮೇಲಿನ ಎಲೆಗಳೇ ಹೆಚ್ಚು ದುಡಿಯುವುದು, ಬಿಸಿಲು ಮೊದಲು ಬೀಳುವುದು ಅವುಗಳ ಮೇಲೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಷ್ಟದಿಂದ ಕಲಿತೆ. ಒಂದು ವರ್ಷ ಮೇವಿಗೆ ತತ್ವಾರವಾಗಿತ್ತು. ಬದುವಿನ ಪಕ್ಕದ ಏಳೆಂಟು ಸಾಲುಗಳ ತಲೆಯನ್ನು ತೆನೆಯ ಮೇಲೆಯೇ ಕತ್ತರಿಸಿ ಎಮ್ಮೆಗೆ ಹಾಕಿದೆ. ಆಗ ಕಾಳು ಇನ್ನೂ ಹಾಲುಗಾಳು, ಉಗುರು ಊರಿದರೆ ಚಿಮ್ಮುತ್ತಿತ್ತು. ಕೊಯ್ಲಿನಲ್ಲಿ ಆ ಸಾಲುಗಳ ತೆನೆ ಸುಲಿದರೆ ತುದಿಯ ಎರಡು ಬೆರಳಷ್ಟು ಜಾಗದಲ್ಲಿ ಕಾಳೇ ಇಲ್ಲ. ಇದ್ದವೂ ಮುದುಕನ ಕೆನ್ನೆಯ ಹಾಗೆ ಒಳಸರಿದಿದ್ದವು. ಚೀಲ ತುಂಬಿತು, ತೂಕ ಬರಲಿಲ್ಲ.

ಸೂಲಂಗಿ ತೆಗೆಯುವ ಮಾತು ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತು. ನಮ್ಮ ಹಾವೇರಿ, ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಬೆಳಿಗ್ಗೆಯೇ ಆಳುಗಳು ಸಾಲು ಹಿಡಿದು ಸೂಲಂಗಿ ಕೀಳುತ್ತಾರೆ. ಅಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಹೆಣ್ಣು ಸಾಲಿನ ಸೂಲಂಗಿ ಪರಾಗ ಉದುರಿಸುವ ಮೊದಲೇ ಕಿತ್ತರೆ ಮಾತ್ರ ಗಂಡು ಸಾಲಿನ ಪರಾಗ ಬಿದ್ದು ಹೈಬ್ರಿಡ್ ಬೀಜವಾಗುತ್ತದೆ. ಇಳುವರಿ ಹೆಚ್ಚಲೆಂದು ಕೀಳುವುದಲ್ಲ, ಹೆಣ್ಣು ಸಾಲಿಗೆ ಅದರದ್ದೇ ಪರಾಗ ಬೀಳದಿರಲೆಂದು ಕೀಳುವುದು. ಅವರೂ ಸೂಲಂಗಿಯನ್ನಷ್ಟೇ ಎಳೆಯುತ್ತಾರೆ, ಜೊತೆಗೆ ಎಲೆ ಕಿತ್ತುಬಂದರೆ ಬೈಸಿಕೊಳ್ಳುತ್ತಾರೆ. ಮಾರುವ ಕಾಳಿಗಾಗಿ ಬೆಳೆದ ಹೊಲದಲ್ಲಿ ಆ ಕೆಲಸ ಮಾಡಿದರೆ ತೆನೆಯ ಕೂದಲಿಗೆ ಪರಾಗ ಎಲ್ಲಿಂದ ಬರಬೇಕು? ಒಂದೊಂದು ಕೂದಲಿನ ಬುಡದಲ್ಲಿ ಒಂದೊಂದು ಕಾಳು. ಪರಾಗ ತಾಗದ ಕೂದಲಿನ ಕಡೆ ಬೋಳು.

(ಎಳೆಯ ಪೈರಿನ ಕಥೆ ಬೇರೆ. ಒಮ್ಮೆ ನಾಲ್ಕು ಎಲೆಯ ಪೈರಿಗೆ ಕುರಿ ಹಿಂಡು ನುಗ್ಗಿ ನೆಲದ ಮಟ್ಟಕ್ಕೆ ಮೇಯ್ದು ಹೋಗಿತ್ತು. ಹತ್ತು ದಿನದಲ್ಲಿ ಮತ್ತೆ ಎದ್ದು ನಿಂತಿತು. ಆ ಹಂತದಲ್ಲಿ ಬೆಳೆಯುವ ಮೊಳೆ ಇನ್ನೂ ಮಣ್ಣಿನೊಳಗೇ ಇರುತ್ತದೆ.)

ಹಾಗಾದರೆ ತಲೆ ಕತ್ತರಿಸಲೇಬಾರದೇ? ಕತ್ತರಿಸಬಹುದು. ಹಸಿರು ಮೇವೆಂದರೆ ಮನೆಯ ಹೆಣ್ಣುಮಕ್ಕಳ ಕೈಗೆ ಬರುವ ಹಾಲಿನ ದುಡ್ಡು, ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಯಾವಾಗ ಎಂಬುದಷ್ಟೇ ಪ್ರಶ್ನೆ. ಪಕ್ಕದ ಹೊಲದ ಕಾಕಾ ತೋರಿಸಿಕೊಟ್ಟದ್ದು ಹೀಗೆ. ತೆನೆಯನ್ನು ನಡುವೆ ಮುರಿದು ಕಾಳಿನ ಬೆನ್ನು ನೋಡಬೇಕು. ನೆತ್ತಿಯ ಕಡೆ ಗಟ್ಟಿ ಹಳದಿ, ಬುಡದ ಕಡೆ ಬಿಳಿಚಿದ ಹಾಲು, ನಡುವೆ ಒಂದು ಗೆರೆ. ಆ ಗೆರೆ ದಿನದಿನಕ್ಕೆ ಬುಡದತ್ತ ಇಳಿಯುತ್ತದೆ. ಅದು ಮುಗಿದ ಮೇಲೆ ಕಾಳು ಕಿತ್ತು ಬುಡದ ತುದಿ ಕೆರೆದರೆ ಕಪ್ಪು ಚುಕ್ಕೆ ಕಾಣುತ್ತದೆ. "ಬಾಗಿಲು ಹಾಕಿತು ನೋಡು ತಮ್ಮಾ, ಇನ್ನು ಒಳಗೆ ಏನೂ ಹೋಗುವುದಿಲ್ಲ" ಎಂದಿದ್ದರು. ಆಗ ತಲೆ ಕತ್ತರಿಸಿದರೆ ಕಾಳಿಗೆ ನಷ್ಟವಿಲ್ಲ. ತೆನೆಗೆ ಬಿಸಿಲು ತಾಗಿ ಬೇಗ ಒಣಗುತ್ತದೆ ಕೂಡ. ಕಪ್ಪು ಚುಕ್ಕೆ ಬಂದಾಗ ಕಾಳಿನಲ್ಲಿ ನೂರಕ್ಕೆ 30ರಷ್ಟಾದರೂ ತೇವವಿರುತ್ತದೆ, ಖರೀದಿ ಕೇಂದ್ರದವರು ಕೇಳುವುದು 14. ಅಷ್ಟು ಹೊತ್ತಿಗೆ ಎಲೆ ಅರ್ಧ ಹಳದಿಯಾಗಿ ಮೇವಿನ ರುಚಿ ಇಳಿದಿರುತ್ತದೆ, ನಿಜ. ಕೊನೆಯವರೆಗೂ ದಂಟು ಹಸಿರಾಗಿರುವ ತಳಿ ಬಿತ್ತಿದವರಿಗೆ ಆ ಕೊರಗು ಕಡಿಮೆ. ಕಾಳು, ಮೇವು ಎರಡೂ ಪೂರ್ತಿ ಸಿಗಬೇಕೆಂದರೆ ಆಗದು. ಎಮ್ಮೆಯ ಹಸಿವು ದೊಡ್ಡದಾದ ವರ್ಷ ನಾಲ್ಕು ಸಾಲು ಮೇವಿಗೇ ಎಂದು ಬಿಟ್ಟುಕೊಡುವುದು ವಾಸಿ. ಇಡೀ ಹೊಲದ ತಲೆ ಬೋಳಿಸಿ ಇಳುವರಿ ಹೆಚ್ಚಿತೆಂದು ನಮಗೆ ನಾವೇ ಹೇಳಿಕೊಳ್ಳುವುದು ಬೇಡ.

ಮೊನ್ನೆ ನಮ್ಮ ಹೊಲದ ನಾಲ್ಕು ಕಡೆ ತೆನೆ ಮುರಿದು ನೋಡಿದೆ. ಗೆರೆ ಇನ್ನೂ ಅರ್ಧಕ್ಕೇ ನಿಂತಿದೆ. ಎಮ್ಮೆಗೆ ಈ ವಾರವೂ ಬದುವಿನ ಹುಲ್ಲೇ.