ಎಲ್ ಕ್ಯಾಪಿಟನ್: ಹತ್ತುವವರ ಜೊತೆ ಹಾರುವವರಿಗೂ ಜಾಗ ಬೇಕೇ?

ಪರ: ಕದ್ದು ಹಾರುವುದೇ ಹೆಚ್ಚು ಅಪಾಯ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಸುಮಾರು 3,000 ಅಡಿ ನೆಟ್ಟಗೆ ನಿಂತ ಗ್ರಾನೈಟ್ ಗೋಡೆ ಎಲ್ ಕ್ಯಾಪಿಟನ್. ಅದನ್ನು ಹಗ್ಗ ಹಿಡಿದು ಹತ್ತಲು ಅಡ್ಡಿಯಿಲ್ಲ. ಅದರ ನೆತ್ತಿಯಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರೆ ಮಾತ್ರ ಬಂಧನ, ದಂಡ, ಸಲಕರಣೆಯ ಜಪ್ತಿ. 1980ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದವರು ಕೆಲವು ವಾರ ಪರವಾನಗಿ ಕೊಟ್ಟು ನೋಡಿದರು. ಕೆಲವರು ನಿಯಮ ಮುರಿದರೆಂದು ಎಲ್ಲರಿಗೂ ಬಾಗಿಲು ಹಾಕಿದರು.

ಹಾರಾಟವೇನೂ ನಿಲ್ಲಲಿಲ್ಲ, ಕದ್ದುಮುಚ್ಚಿ ನಡೆಯತೊಡಗಿತು. ರೇಂಜರ್‌ಗಳ ಕಣ್ಣು ತಪ್ಪಿಸಬೇಕಾದವನು ಮಬ್ಬುಗತ್ತಲಲ್ಲಿ ಹಾರುತ್ತಾನೆ. ಕೆಳಗೆ ಯಾರು ಹಗ್ಗದಲ್ಲಿದ್ದಾರೆ ಎಂದು ಕೂಗಿ ಕೇಳುವ ಹಾಗೂ ಇಲ್ಲ. 1999ರಲ್ಲಿ ಈ ನಿಷೇಧವನ್ನು ಪ್ರತಿಭಟಿಸಲೆಂದೇ ಜ್ಯಾನ್ ಡೇವಿಸ್ ಎಲ್ ಕ್ಯಾಪಿಟನ್‌ನಿಂದ ಹಾರಿದರು. ಜಪ್ತಿಯಾಗುತ್ತದೆಂದು ಸ್ವಂತ ಪ್ಯಾರಾಚೂಟ್ ಬಿಟ್ಟು ಬೇರೆಯವರದ್ದನ್ನು ಕಟ್ಟಿಕೊಂಡಿದ್ದರು. ಅದು ತೆರೆಯಲೇ ಇಲ್ಲ. ಕೈಗೆ ರೂಢಿಯಾದ ಸಲಕರಣೆಯನ್ನು ಮನೆಯಲ್ಲಿ ಬಿಟ್ಟು ಬರುವಂತೆ ಮಾಡುವ ಕಾನೂನು ಯಾರ ಜೀವವನ್ನು ಕಾಯುತ್ತದೆ?

ಹತ್ತುವವರೂ ಹಾರುವವರೂ ಎರಡು ಬೇರೆ ಬಣಗಳೆಂಬ ಮಾತೂ ನಿಲ್ಲುವುದಿಲ್ಲ. ಇದೇ ಕಣಿವೆಯ ಟಾಫ್ಟ್ ಪಾಯಿಂಟ್‌ನಿಂದ 2015ರ ಮೇ ತಿಂಗಳ ಒಂದು ಸಂಜೆ ರೆಕ್ಕೆಯಂತೆ ಹರಡಿಕೊಳ್ಳುವ ವಿಂಗ್‌ಸೂಟ್ ಉಡುಪು ತೊಟ್ಟು ಹಾರಿ, ಜೊತೆಗೆ ಹಾರಿದ ಗ್ರಹಾಂ ಹಂಟ್ ಜೊತೆ ತೀರಿಕೊಂಡ ಡೀನ್ ಪಾಟರ್, ಆ ಕಾಲದ ದೊಡ್ಡ ಕ್ಲೈಂಬರ್‌ಗಳಲ್ಲೊಬ್ಬರು.

ಹಂಚಿಕೊಳ್ಳುವ ಪಾಠವನ್ನು ಕ್ಲೈಂಬರ್‌ಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಪೆರೆಗ್ರಿನ್ ಡೇಗೆ ಗೂಡು ಕಟ್ಟುವ ಕಾಲದಲ್ಲಿ ಯೊಸೆಮಿಟಿಯ ಕೆಲವು ಮಾರ್ಗಗಳನ್ನು ಮುಚ್ಚುತ್ತಾರೆ. ಕ್ಲೈಂಬರ್‌ಗಳು ಬೇರೆ ಕಡೆ ಹತ್ತುತ್ತಾರೆ. ಗೋಡೆಯಲ್ಲೇ ರಾತ್ರಿ ತಂಗುವವರು ಈಗ ಪರವಾನಗಿ ಪಡೆಯಲೇಬೇಕು, ಅಂದರೆ ಗೋಡೆಯ ಮೇಲೆ ಯಾರಿದ್ದಾರೆಂಬ ಲೆಕ್ಕ ಉದ್ಯಾನದ ಬಳಿ ಇದೆ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಕಣಿವೆಯಲ್ಲಿ ಹಾರುವ ಮುಂಚೆ ಹೆಲಿಪೋರ್ಟ್‌ಗೆ ಫೋನ್ ಮಾಡಿ ತಿಳಿಸುವ ಪದ್ಧತಿಯಿದೆ. ಇಲ್ಲೂ ಹಾರಲು ಒಂದೆರಡು ಜಾಗ, ಗೊತ್ತಾದ ವೇಳೆ, ಎರಡೂ ಕಡೆಯವರ ಕೈಯಲ್ಲಿ ರೇಡಿಯೊ ಇದ್ದರೆ ಸಾಕು. 1980ರ ಪ್ರಯೋಗವನ್ನು ಈ ಸಲ ಸರಿಯಾಗಿ ಮಾಡಿ ನೋಡಲಿ.

ವಿರೋಧ: ಹಗ್ಗದಲ್ಲಿರುವವನನ್ನು ಕೇಳಿದವರಾರು?

ಹಾರುವವನು ತನ್ನ ಅಪಾಯವನ್ನು ತಾನೇ ಆರಿಸಿಕೊಂಡಿದ್ದಾನೆ. ಅವನ ಕೆಳಗೆ ಹಗ್ಗದಲ್ಲಿರುವವನು ಆ ಅಪಾಯವನ್ನು ಆರಿಸಿಕೊಂಡಿಲ್ಲ. ನನಗೆ ಇದೇ ಮುಖ್ಯ.

ಪ್ಯಾರಾಚೂಟ್ ಪ್ರತಿಸಲ ನೇರ ಮುಂದಕ್ಕೇ ತೆರೆದುಕೊಳ್ಳುವುದಿಲ್ಲ. ಬಟ್ಟೆಯ ಒಂದು ಬದಿ ಮೊದಲು ಗಾಳಿ ತುಂಬಿಕೊಂಡರೆ ಅದು ಗಿರ್ರನೆ ತಿರುಗಿ ಬಂಡೆಗೇ ಮುಖ ಮಾಡುತ್ತದೆ. ತಿದ್ದಿಕೊಳ್ಳಲು ಸಿಗುವುದು ಒಂದೆರಡು ಸೆಕೆಂಡು. ತಿದ್ದಲಾಗದಿದ್ದರೆ ಮನುಷ್ಯ ಗೋಡೆಗೆ ಬಡಿಯುತ್ತಾನೆ, ದಾರಗಳು ಬಂಡೆಯ ಚಾಚಿಗೆ ಸಿಕ್ಕಿಕೊಳ್ಳುತ್ತವೆ. ಆಗ ಹತ್ತಿರ ಇರುವವನು ಕ್ಲೈಂಬರ್. ತನ್ನ ಹತ್ತಾಟ ಬಿಟ್ಟು, ತನ್ನ ಹಗ್ಗದಲ್ಲೇ ಅವನನ್ನು ಉಳಿಸಲು ಹೋಗಬೇಕು. ಹೋಗದೆ ಇರಲು ಯಾರಿಗೆ ಮನಸ್ಸು ಬಂದೀತು?

ನಾರ್ವೆಯ ಟ್ರೋಲ್‌ವೆಗೆನ್ ಗೋಡೆಯಲ್ಲಿ 1986ರಿಂದ ಹಾರುವುದು ನಿಷಿದ್ಧ, ಹತ್ತುವುದಕ್ಕೆ ಇಂದಿಗೂ ಅವಕಾಶವಿದೆ. ಬಿದ್ದವರನ್ನು ತರಲು ಹೋಗುವ ರಕ್ಷಕರ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು ಎಂಬುದು ಕಾರಣ. 1978ರಲ್ಲಿ ಎಲ್ ಕ್ಯಾಪಿಟನ್ ಜಿಗಿತಗಳನ್ನು ಚಿತ್ರೀಕರಿಸಿ ಈ ಸಾಹಸವನ್ನು ಜಗತ್ತಿಗೆ ತೋರಿಸಿದ ಕಾರ್ಲ್ ಬೋನಿಶ್ 1984ರಲ್ಲಿ ಸತ್ತದ್ದೂ ಟ್ರೋಲ್‌ವೆಗೆನ್‌ನಲ್ಲೇ. ಅನುಭವಕ್ಕೆ ಅವರಲ್ಲಿ ಕೊರತೆಯಿರಲಿಲ್ಲ.

ಇನ್ನು ಕಲ್ಲು. ಅಂಚಿನಲ್ಲಿ ಸಜ್ಜಾಗಿ ನಿಲ್ಲುವವರ ಕಾಲಡಿಯಿಂದ ಮುಷ್ಟಿ ಗಾತ್ರದ ಒಂದು ಕಲ್ಲು ಜಾರಿದರೆ, ಮೂರೇ ಸೆಕೆಂಡಿನಲ್ಲಿ ಅದರ ವೇಗ ಗಂಟೆಗೆ 100 ಕಿ.ಮೀ. ಮೀರಿರುತ್ತದೆ. ಬಾದಾಮಿಯ ಗೋಡೆಗಳಲ್ಲಿ ಹಗ್ಗ ಕಟ್ಟಿದವರಿಗೂ ಗೊತ್ತು, ಮೇಲಿಂದ ಕೂಗು ಕೇಳಿದರೆ ತಲೆಯೆತ್ತಿ ನೋಡಬಾರದು, ಬಂಡೆಗೆ ಅಂಟಿಕೊಳ್ಳಬೇಕು. ಪ್ಯಾರಾಚೂಟ್ ಪಟ್ಟೆಂದು ಬಿಚ್ಚಿಕೊಳ್ಳುವ ಸದ್ದಿಗೂ ಮೈ ಹಾಗೆಯೇ ಬೆಚ್ಚುತ್ತದೆ. ಕಷ್ಟದ ಹಿಡಿತದಲ್ಲಿರುವವನಿಗೆ ಅಷ್ಟೇ ಸಾಕು, ಕೈ ಜಾರಲು.

ವೇಳೆ ಹಂಚಿಕೊಳ್ಳಿ ಎನ್ನುವುದು ಹೇಳಲು ಸುಲಭ. ಎಲ್ ಕ್ಯಾಪಿಟನ್ ಹತ್ತಲು ಹೆಚ್ಚಿನ ತಂಡಗಳಿಗೆ ಮೂರ್ನಾಲ್ಕು ದಿನ ಬೇಕು. ಹಂಗಾಮಿನಲ್ಲಿ ಗೋಡೆ ಖಾಲಿಯಾಗುವ ಗಳಿಗೆಯೇ ಇಲ್ಲ. ಗಾಳಿಯಿಲ್ಲದ ಬೆಳಗ್ಗೆ ಇಬ್ಬರಿಗೂ ಬೇಕು. ಲೌಟರ್‌ಬ್ರುನ್ನೆನ್‌ನ ಫೋನ್ ಕರೆ ಹೆಲಿಕಾಪ್ಟರ್‌ಗಳನ್ನು ಎಚ್ಚರಿಸಲು ಇರುವುದು, ಹಗ್ಗದಲ್ಲಿರುವವರನ್ನಲ್ಲ. ಹಾರುವ ಆಸೆಯನ್ನು ನಾನು ಹೀಗಳೆಯುವುದಿಲ್ಲ. ಇಡಾಹೊದಲ್ಲಿ 486 ಅಡಿ ಎತ್ತರದ ಪೆರಿನ್ ಸೇತುವೆಯಿಂದ ವರ್ಷವಿಡೀ ಪರವಾನಗಿಯಿಲ್ಲದೆ ಹಾರಬಹುದು. ಅಂಥ ಜಾಗಗಳು ಇನ್ನಷ್ಟು ಆಗಲಿ. ಕ್ಲೈಂಬರ್‌ಗಳು ನೇತಾಡುವ ಗೋಡೆಯನ್ನು ಮಾತ್ರ ಬಿಟ್ಟುಬಿಡಲಿ.