ಸತ್ಯಾಂಶ: ರೂಸ್‌ವೆಲ್ಟ್ ಸತ್ತದ್ದು ಅಮೆಜಾನ್ ಕಾಡಿನಲ್ಲಲ್ಲ

‘ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ ಥಿಯೋಡರ್ ರೂಸ್‌ವೆಲ್ಟ್ ಅಮೆಜಾನ್ ಕಾಡಿಗೆ ಹೋಗಿ, ಯಾರೂ ಕಾಣದ ನದಿಯೊಂದನ್ನು ಒಬ್ಬರೇ ಪತ್ತೆಹಚ್ಚಿ, ಅಲ್ಲಿಯೇ ಪ್ರಾಣಬಿಟ್ಟರು’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಯಾನ ನಡೆದದ್ದು ನಿಜ, ಉಳಿದ ವಿವರಗಳು ತಪ್ಪು.

ರೂಸ್‌ವೆಲ್ಟ್ 1909ರಲ್ಲೇ ಅಧಿಕಾರದಿಂದ ಇಳಿದಿದ್ದರು. 1912ರ ಚುನಾವಣೆಯಲ್ಲಿ ಸೋತ ನಂತರವೇ ಅವರು ದಕ್ಷಿಣ ಅಮೆರಿಕಕ್ಕೆ ಹೊರಟದ್ದು. ಇನ್ನು ನದಿಯ ಮೇಲ್ಭಾಗವನ್ನು ಮೊದಲು ಗುರುತಿಸಿ, ಅದು ಎಲ್ಲಿಗೆ ಹರಿಯುತ್ತದೆಂದು ತಿಳಿಯದ ಕಾರಣ ‘ಸಂಶಯದ ನದಿ’ ಎಂದು ಹೆಸರಿಟ್ಟವರು ಟೆಲಿಗ್ರಾಫ್ ತಂತಿ ಎಳೆಸುತ್ತಿದ್ದ ಬ್ರೆಜಿಲ್‌ನ ಸೇನಾಧಿಕಾರಿ ಕಾಂಡಿಡೊ ರೊಂಡೊನ್. ಯಾನದ ನೇತೃತ್ವದಲ್ಲೂ ಅವರದು ಸಮಪಾಲು. ‘ಯಾರೂ ಕಾಣದ’ ಎಂಬ ಮಾತಂತೂ ಆ ದಡದಲ್ಲಿ ತಲೆಮಾರುಗಳಿಂದ ಬದುಕಿದ್ದ ಮೂಲನಿವಾಸಿಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾನದಲ್ಲಿ ರೊಂಡೊನ್ ಅವರ ನಾಯಿ ಸತ್ತದ್ದು ಆ ಮೂಲನಿವಾಸಿಗಳ ಬಾಣಗಳಿಂದಲೇ.

1914ರ ಫೆಬ್ರವರಿ 27ರಂದು 22 ಮಂದಿ, ಮರದ ದಿಮ್ಮಿ ಕೊರೆದು ಮಾಡಿದ 7 ದೋಣಿಗಳಲ್ಲಿ ಹೊರಟರು. ನೀರು ಬಂಡೆಗಳ ನಡುವೆ ಧುಮ್ಮಿಕ್ಕುವ ಕಡೆಗಳಲ್ಲೆಲ್ಲ ಕಾಡು ಕಡಿದು ದಾರಿ ಮಾಡಿ, ನೆಲಕ್ಕೆ ಉರುಟು ಮರಗಳನ್ನು ಹಾಸಿ, ಅವುಗಳ ಮೇಲೆ ಆ ಭಾರದ ದೋಣಿಗಳನ್ನು ಹಗ್ಗದಿಂದ ಎಳೆಯಬೇಕಾಗುತ್ತಿತ್ತು. ಸಿಕ್ಕಿಬಿದ್ದ ದೋಣಿಗಳನ್ನು ಬಿಡಿಸಲು ನೀರಿಗಿಳಿದ ರೂಸ್‌ವೆಲ್ಟ್ ಅವರ ಕಾಲಿಗೆ ಬಂಡೆ ತಗುಲಿ, ಗಾಯ ಕೀವುಗಟ್ಟಿ, ಜ್ವರ ಏರಿತು. ತನ್ನನ್ನು ಬಿಟ್ಟು ಮುಂದೆ ಹೋಗಿ ಎಂದೂ ಅವರು ಹೇಳಿದ್ದರು. ಬಹುಶಃ ಸಾವಿನ ವದಂತಿಗೆ ಬೀಜ ಇದೇ ಇರಬೇಕು. ಯಾನದಲ್ಲಿ ಒಬ್ಬ ಮುಳುಗಿ ಸತ್ತ, ಇನ್ನೊಬ್ಬನನ್ನು ಜೊತೆಗಾರನೇ ಕೊಂದ, ಆ ಕೊಲೆಗಾರ ಕಾಡಿನಲ್ಲೇ ಉಳಿದುಹೋದ.

ರೂಸ್‌ವೆಲ್ಟ್ ಬದುಕಿ ಮರಳಿದರು. 1919ರ ಜನವರಿ 6ರಂದು ನ್ಯೂಯಾರ್ಕ್ ರಾಜ್ಯದ ಆಯ್ಸ್ಟರ್ ಬೇಯ ಸ್ವಂತ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು.