ಕೂಸಿಗೆ ಮುಂಚೆ ಕುಲಾವಿ, ಕಾಲೇಜಿಗೆ ಮುಂಚೆ ಟೈಮ್‌ಟೇಬಲ್

ನಮ್ಮ ಅಕ್ಕನ ಮಗನಿಗೆ ಕೊನೆ ಪರೀಕ್ಷೆ ಮುಗಿದದ್ದು ಮಧ್ಯಾಹ್ನ ಒಂದೂವರೆಗೆ. ರಜೆ ಶುರುವಾದದ್ದು ಆವಾಗಲೇ. ರಜೆ ಮುಗಿದದ್ದು ಎರಡು ಗಂಟೆಗೆ. ಅವನು ಮನೆಗೆ ಬಂದು ಶೂ ಬಿಚ್ಚಿ, ಬ್ಯಾಗನ್ನು ಸೋಫಾ ಮೇಲೆ ಎಸೆಯುವಷ್ಟರಲ್ಲಿ ಅಕ್ಕ ಒಂದು ದೊಡ್ಡ ಬಿಳಿ ಹಾಳೆ, ಆರು ಬಣ್ಣದ ಸ್ಕೆಚ್ ಪೆನ್ ಹಿಡಿದು ನಿಂತಿದ್ದಳು. "ಕಾಲೇಜಿಗೆ ಇನ್ನು ಎರಡೇ ತಿಂಗಳು ಇರೋದು, ಟೈಮ್‌ಟೇಬಲ್ ಹಾಕ್ಕೋ." ಆ ಅರ್ಧ ಗಂಟೆಯನ್ನು ಹುಡುಗ ಈಗಲೂ ನೆನೆಸಿಕೊಳ್ಳುತ್ತಾನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತಂತೆ.

ಟೈಮ್‌ಟೇಬಲ್ ಮಾಡೋದಕ್ಕೆ ಮೂರು ದಿನ ಹಿಡಿಯಿತು. ನಾನು ಹೋದಾಗ ಅದು ಗೋಡೆ ಏರಿತ್ತು. ಬೆಳಗ್ಗೆ 5ಕ್ಕೆ ಏಳುವುದು, ಹಸಿರು. 5.05ರಿಂದ 5.20 ಧ್ಯಾನ, ನೀಲಿ. ಆಮೇಲೆ ಮೊದಲ ಸೆಮಿಸ್ಟರಿನ ಪಾಠ, ಕೋಡಿಂಗ್, ಇಂಗ್ಲಿಷ್ ಮಾತುಗಾರಿಕೆ, ವ್ಯಕ್ತಿತ್ವ ವಿಕಸನ. ಈ ವಿಕಸನಕ್ಕೆ ಮಂಗಳವಾರ ಮತ್ತು ಗುರುವಾರ ನಲವತ್ತು ನಲವತ್ತು ನಿಮಿಷ, ಉಳಿದ ದಿನ ಅವನು ಇದ್ದಂಗೇ ಇರಬಹುದು. ಸಂಜೆ 6ರಿಂದ 6.30 ಗುಲಾಬಿ ಬಣ್ಣದಲ್ಲಿ 'ಉಪಯುಕ್ತ ವಿಶ್ರಾಂತಿ' ಅಂತಿತ್ತು. ಹಾಗಂದರೆ ಏನಪ್ಪಾ ಅಂತ ಕೇಳಿದೆ. "ಸುಮ್ನೆ ಮಲಗಿದ್ರೆ ವಿಶ್ರಾಂತಿ ಮಾಮ, ಕಿವಿಗೆ ಪಾಡ್‌ಕಾಸ್ಟ್ ಹಾಕ್ಕೊಂಡು ಮಲಗಿದ್ರೆ ಉಪಯುಕ್ತ ವಿಶ್ರಾಂತಿ" ಅಂದ. ಅಷ್ಟರಲ್ಲಿ ಆರೂ ಬಣ್ಣ ಮುಗಿದುಹೋಗಿದ್ದರಿಂದ ಊಟ, ನಿದ್ದೆ ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದಿದ್ದ. ಬೇಕಾದರೆ ಅಳಿಸಬಹುದಲ್ವಾ.

ಇಂಥ ಹಾಳೆಗಳ ಗತಿ ಏನಾಗುತ್ತೆ ಅನ್ನೋದು ಗೋಡೆಗಳಿಗೆಲ್ಲ ಗೊತ್ತು. ಆದರೂ ಕೆಲವರು ಕೂತು ಲೆಕ್ಕ ಹಾಕಿದ್ದಾರೆ. ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲಿ ಈ ಕಾಯಿಲೆಗೆ 'ಪ್ಲ್ಯಾನಿಂಗ್ ಫ್ಯಾಲಸಿ' ಅಂತ ಹೆಸರಿಟ್ಟರು. ನಾವು ಯೋಜನೆ ಹಾಕುವಾಗ ಮಾಡಿಕೊಳ್ಳುವ ಭ್ರಮೆ ಅಂತಿಟ್ಟುಕೊಳ್ಳಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ಕೊನೆ ವರ್ಷದ 37 ವಿದ್ಯಾರ್ಥಿಗಳನ್ನು ಹಿಡಿದು, ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತೆ ಅಂತ ಕೇಳಿದರು. ಸರಾಸರಿ ಉತ್ತರ 33.9 ದಿನ. ಸರಿ, ಎಲ್ಲಾ ಎಡವಟ್ಟಾಯಿತು ಅಂದ್ಕೊಳ್ಳಿ, ಆಗ ಎಷ್ಟು? 48.6 ದಿನ. ಕೊನೆಗೆ ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಮನುಷ್ಯ ತನ್ನ ಕೆಟ್ಟ ಕಾಲವನ್ನು ಊಹಿಸಿಕೊಳ್ಳುವಾಗಲೂ ಒಂದು ವಾರ ರಿಯಾಯಿತಿ ಇಟ್ಟುಕೊಂಡಿರುತ್ತಾನೆ. ಇದನ್ನು ಹುಡುಗನಿಗೆ ವಿವರಿಸಿದೆ. ಬಹಳ ಗಮನ ಕೊಟ್ಟು ಕೇಳಿದ. ಆಮೇಲೆ ಹಾಳೆಯ ತಳದಲ್ಲಿ 'ಹಿಂದೆ ಬಿದ್ದದ್ದನ್ನು ಸರಿದೂಗಿಸುವುದು: ಭಾನುವಾರ 2ರಿಂದ 4' ಅಂತ ಸೇರಿಸಿದ. ತಪ್ಪು ನನ್ನದೇ.

ಇದು ಬರೀ ನಮ್ಮಕ್ಕನ ಹುಚ್ಚು ಅಂದ್ಕೊಂಡಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಫೋನ್ ತೆಗೆದರೆ ಸಾಕು, 'ರಜೆಯನ್ನು ವ್ಯರ್ಥ ಮಾಡಬೇಡಿ' ಅಂತ ಜಾಹೀರಾತು. ಈ ವ್ಯರ್ಥ ಅನ್ನೋ ಪದ ನನಗೆ ಅರ್ಥವಾಗೋದೇ ಇಲ್ಲ. ರಜೆಯನ್ನು ಇನ್ನೇನು ಮಾಡಬೇಕು, ಉಪ್ಪು ಹಾಕಿ ಜಾಡಿಯಲ್ಲಿ ಇಡಬೇಕಾ? ಆದರೆ ಈಗಿನ ಲೆಕ್ಕದಲ್ಲಿ ರಜೆ ಅಂದರೆ ಪಾಳು ಬಿದ್ದ ಸೈಟು. ಖಾಲಿ ಇದೆ ಅಂತ ಗೊತ್ತಾದರೆ ಯಾರಾದರೂ ಬಂದು ಬೇಲಿ ಹಾಕಿಬಿಡುತ್ತಾರೆ. ಒಂದು ಸಂಸ್ಥೆಯವರು ಬ್ರಿಡ್ಜ್ ಕೋರ್ಸ್ ಅಂತ ಮಾಡಿದ್ದಾರೆ. ಸೇತುವೆ ಅಂದಮೇಲೆ ಕೆಳಗೆ ಒಂದು ನದಿ ಇರಬೇಕಲ್ವಾ? ಈ ಕಡೆ ದಡ ಪರೀಕ್ಷೆ, ಆ ಕಡೆ ದಡ ಕಾಲೇಜು, ಮಧ್ಯೆ ಹರಿಯುತ್ತಿರೋದು ರಜೆ. ಮಕ್ಕಳು ಅದರಲ್ಲಿ ಇಳಿದು ಈಜಿಬಿಟ್ಟರೆ ಅನ್ನೋ ಭಯಕ್ಕೆ ಈ ಸೇತುವೆ. ಮಜಾ ಏನೆಂದರೆ ಆ ಬ್ರಿಡ್ಜ್ ಕೋರ್ಸಿಗೆ ಸೇರೋದಕ್ಕೂ ಒಂದು ಪ್ರವೇಶ ಪರೀಕ್ಷೆ ಇದೆ, ಆ ಪರೀಕ್ಷೆಗೆ ತಯಾರಾಗೋದಕ್ಕೆ ಹತ್ತು ದಿನದ ಇನ್ನೊಂದು ಕೋರ್ಸು ಇದೆ, ಅದಕ್ಕೆ ಮಾತ್ರ ಸದ್ಯಕ್ಕೆ ಪರೀಕ್ಷೆ ಇಲ್ಲ, ಮುಂದಿನ ವರ್ಷ ಇಡಬಹುದು.

ಅಲ್ಲಿ ಏನು ಹೇಳಿಕೊಡ್ತಾರೆ ಅಂತ ಕೇಳಿದೆ. ಮೊದಲ ಸೆಮಿಸ್ಟರಿನಲ್ಲಿ ಹೇಳಿಕೊಡೋದನ್ನೇ ಅಂತ ಉತ್ತರ ಬಂತು. ಹಾಗಾದರೆ ಮೊದಲ ಸೆಮಿಸ್ಟರಿನಲ್ಲಿ? ಅದನ್ನೇ ಮತ್ತೆ ಅಂತೆ. ಹರ್ಮನ್ ಎಬಿಂಗ್‌ಹೌಸ್ ಅಂತ ಒಬ್ಬ ಜರ್ಮನ್ ಮಹಾಶಯ ಇದ್ದ. ಅರ್ಥವಿಲ್ಲದ ಅಕ್ಷರಗಳ ಉದ್ದುದ್ದ ಪಟ್ಟಿಗಳನ್ನು ತಾನೇ ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತೆ ಅಂತ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಅವನ ಲೆಕ್ಕದಲ್ಲಿ ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಒಂದು ತಿಂಗಳಿಗೆ ಉಳಿದದ್ದು ಸುಮಾರು ಐದರಲ್ಲಿ ಒಂದು ಪಾಲು. ನಮ್ಮ ಹುಡುಗ ಉರು ಹೊಡೀತಾ ಇರೋದು ಅರ್ಥವಿಲ್ಲದ ಅಕ್ಷರ ಅಲ್ಲ ನಿಜ. ಆದರೆ ಅವನಿಗೆ ಅರ್ಥವಾಗಿರೋದಂತೂ ಕಾಣಿಸಲಿಲ್ಲ.

ಇನ್ನು ರಜೆ ಅಂದಮೇಲೆ ನೆಂಟರು ಬರಬೇಕು, ಬಂದರು. ದೊಡ್ಡಪ್ಪ ಕೂತವರೇ ನ್ಯೂಟನ್ ವಿಷಯ ತೆಗೆದರು. ಇವರಿಗೆ ನ್ಯೂಟನ್ ಒಬ್ಬ ವಿಜ್ಞಾನಿ ಅಲ್ಲ, ರಜೆಯಲ್ಲಿ ಮಕ್ಕಳಿಗೆ ಹೊಡೆಯೋ ಕೋಲು. "ಪ್ಲೇಗ್ ಬಂದು ಕಾಲೇಜು ಮುಚ್ಚಿತ್ತು, ಆ ರಜೆಯಲ್ಲಿ ಗುರುತ್ವಾಕರ್ಷಣೆ ಕಂಡುಹಿಡಿದ ಕಣೋ, ನೀನೇನು ಮಾಡ್ತಿದ್ದೀಯ?" 1665ರಲ್ಲಿ ಕೇಂಬ್ರಿಜ್ ಮುಚ್ಚಿದ್ದು, ನ್ಯೂಟನ್ ವೂಲ್ಸ್‌ಥಾರ್ಪ್‌ನ ಮನೆಗೆ ಹೋದದ್ದು, 1667ರಲ್ಲಿ ವಾಪಸ್ ಬಂದದ್ದು ಎಲ್ಲ ನಿಜ. ಆದರೆ ಗುರುತ್ವಾಕರ್ಷಣೆಯ ಲೆಕ್ಕವೆಲ್ಲ ಒಪ್ಪವಾಗಿ ಇರುವ ಪುಸ್ತಕ ಅಚ್ಚಾದದ್ದು 1687ರಲ್ಲಿ. ರಜೆಯಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಸಲ್ಲಿಸೋಕೆ ಇಪ್ಪತ್ತು ವರ್ಷ. ಇದನ್ನು ನಾನು ಹೇಳಿದ ಮೇಲೆ ದೊಡ್ಡಪ್ಪ ನನ್ನ ಕಡೆ ನೋಡಿದ ರೀತಿ ನೋಡಿ, ನಾನು ಕೂಡ ರಜೆಯನ್ನು ವ್ಯರ್ಥ ಮಾಡಿದವನೇ ಅನ್ನೋದು ಎಲ್ಲರಿಗೂ ಗೊತ್ತಾಯಿತು.

ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. "ಎಲ್ಲರೂ ಪೈಥಾನ್ ಕಲೀತಿದ್ದಾರಂತೆ, ಇವನನ್ನೂ ಸೇರಿಸಿ" ಅಂದರು. ನನಗೆ ಕೈ ಮುಗಿಯುವಷ್ಟು ಖುಷಿಯಾಯಿತು. ಯಾಕಂದ್ರೆ ಆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಹುಟ್ಟಿದ್ದೇ ರಜೆಯಲ್ಲಿ. 1989ರ ಡಿಸೆಂಬರ್, ಕ್ರಿಸ್‌ಮಸ್ ವಾರ. ಗೀಡೋ ವಾನ್ ರೋಸಮ್ ಅನ್ನುವವನಿಗೆ ಆಫೀಸ್ ಮುಚ್ಚಿತ್ತು, ಮನೆಯಲ್ಲಿ ಕಂಪ್ಯೂಟರ್ ಇತ್ತು, ಮಾಡೋಕೆ ಬೇರೆ ಕೆಲಸ ಇರಲಿಲ್ಲ. ಹೊತ್ತು ಹೋಗಲಿ ಅಂತ ಒಂದು ಭಾಷೆ ಬರೆಯೋಕೆ ಕೂತ. ಹೆಸರು ಕೂಡ ಹಾವಿನದಲ್ಲ, ಮಾಂಟಿ ಪೈಥಾನ್ ಅನ್ನೋ ಹಾಸ್ಯ ಕಾರ್ಯಕ್ರಮದ್ದು. ಈಗ ಯೋಚಿಸಿ. ಆ ವಾರ ಅವನ ಮನೆಗೆ ನಮ್ಮ ಅತ್ತೆ ಹೋಗಿದ್ದರೆ? "ಸುಮ್ನೆ ಕೂತಿದ್ದೀಯಲ್ಲಪ್ಪ, ಆರು ವಾರದ ಯಾವುದಾದರೂ ಸರ್ಟಿಫಿಕೇಟ್ ಕೋರ್ಸ್ ಮಾಡು" ಅಂದಿದ್ದರೆ? ಅವನ ಹತ್ತಿರ ಒಂದು ಸರ್ಟಿಫಿಕೇಟ್ ಇರುತ್ತಿತ್ತು. ನಮ್ಮ ಹುಡುಗನಿಗೆ ಕಲಿಯೋಕೆ ಪೈಥಾನ್ ಇರುತ್ತಿರಲಿಲ್ಲ. (ಹುಡುಗ ಇದನ್ನು ಕೇಳಿ, ಅದೇ ಆಗಬೇಕಿತ್ತು ಅಂತ ಗೊಣಗಿದ.)

ಸ್ಕೂಲ್ ಅನ್ನೋ ಪದ ಎಲ್ಲಿಂದ ಬಂತು ಗೊತ್ತಾ? ಗ್ರೀಕರ 'ಸ್ಕೊಲೆ'ಯಿಂದ. ಅದರ ಮೂಲ ಅರ್ಥ ಬಿಡುವು. ಬಿಡುವಿದ್ದವನು ನಾಲ್ಕು ಜನರ ಜೊತೆ ಕೂತು ಮಾತಾಡುತ್ತಿದ್ದ, ಆ ಮಾತಿಗೆ ಆಮೇಲೆ ಪಾಠ ಅಂತ ಹೆಸರು ಬಂತು, ಆಮೇಲೆ ಪಾಠಕ್ಕೆ ಕಟ್ಟಡ ಬಂತು, ಕಟ್ಟಡಕ್ಕೆ ಗಂಟೆ ಬಂತು, ಗಂಟೆಯಿಂದ ತಪ್ಪಿಸಿಕೊಳ್ಳೋಕೆ ರಜೆ ಕೊಟ್ಟರು, ಈಗ ರಜೆಗೂ ಗಂಟೆ ಹೊಡೀತಿದ್ದಾರೆ. ಬಿಡುವಿಗೆ ಹುಟ್ಟಿದ ಮಗುವೇ ಬಿಡುವನ್ನು ನುಂಗಿ ನೀರು ಕುಡಿಯಿತು.

ವರ್ಷದ ಕೊನೆಯ ರಜೆಯಲ್ಲಿ ಅರ್ಜಿ ಹಾಕುವವರ ಪಾಡು ಇನ್ನೊಂದು ತರಹ. ಅಮೆರಿಕದ ಎಷ್ಟೋ ಕಾಲೇಜುಗಳಿಗೆ ಅರ್ಜಿ ಹಾಕೋಕೆ ಕೊನೆ ದಿನ ಜನವರಿ 1. ಯಾವ ಪುಣ್ಯಾತ್ಮ ಗೊತ್ತು ಮಾಡಿದನೋ ಈ ತಾರೀಕು. ನನ್ನ ಗೆಳೆಯನ ಮಗಳು ಕಳೆದ ಡಿಸೆಂಬರ್ 31ರ ರಾತ್ರಿ ಕೋಣೆಯೊಳಗೆ ಕೂತು 'ನೀವು ಎದುರಿಸಿದ ದೊಡ್ಡ ಸವಾಲು ಮತ್ತು ಅದರಿಂದ ಕಲಿತದ್ದು' ಅಂತ 650 ಪದದೊಳಗೆ ಬರೀತಿದ್ದಳು. ಹದಿನೇಳು ವರ್ಷದ ಮಗು. ಚೆನ್ನಾಗಿ ಬೆಳೆಸಿದ್ದಾರೆ, ಒಂದು ಕಷ್ಟವನ್ನೂ ತೋರಿಸಿಲ್ಲ. ಈಗ ಅದೇ ದೊಡ್ಡ ಕಷ್ಟವಾಗಿ ಕೂತಿತ್ತು. ಹತ್ತು ಗಂಟೆಗೆ ಹೊರಗೆ ಬಂದು ಅಪ್ಪನನ್ನು ಕೇಳಿದಳು, "ಅಪ್ಪಾ, ನಮ್ಮನೇಲಿ ಏನೂ ತೊಂದರೇನೇ ಆಗಿಲ್ವಾ?" ಅಪ್ಪ ಪಾಪ, ತಪ್ಪೊಪ್ಪಿಕೊಳ್ಳುವವನ ಹಾಗೆ ತಲೆ ಕೆರೆದುಕೊಂಡು, ನೀನು ನಾಲ್ಕನೇ ಕ್ಲಾಸಲ್ಲಿ ಸೈಕಲ್ಲಿಂದ ಬಿದ್ದಿದ್ದೆಯಲ್ಲ ಅಂದ. ಹನ್ನೊಂದೂವರೆ ಹೊತ್ತಿಗೆ ಆ ಮಂಡಿ ಗಾಯ ಛಲ, ನಾಯಕತ್ವ ಮತ್ತು ಸಮಾಜಸೇವೆಯ ಕಥೆಯಾಗಿ ಬೆಳೆದಿತ್ತು. ಹನ್ನೆರಡಕ್ಕೆ ಹೊರಗೆ ಪಟಾಕಿ ಹಾರಿದಾಗ ಒಳಗೆ ಫೋಟೋ ಅಪ್‌ಲೋಡ್ ಆಗ್ತಿರಲಿಲ್ಲ. 50 ಕೆಬಿಗಿಂತ ಜಾಸ್ತಿ ಇರಬಾರದು, 20ಕ್ಕಿಂತ ಕಡಿಮೆ ಇರಬಾರದು. ಕುಗ್ಗಿಸಿ ಕುಗ್ಗಿಸಿ 19ಕ್ಕೆ ಇಳಿದಿತ್ತು. ಛಲದ ಕಥೆಯನ್ನು ಇದರ ಮೇಲೇ ಬರೆದಿದ್ದರೆ ಸಾಕಿತ್ತು.

ನಮ್ಮ ಹುಡುಗನ ಕಡೆಗೇ ಬರೋಣ. ಲ್ಯಾಪ್‌ಟಾಪ್ ಯಾವುದು ಅನ್ನೋ ಚರ್ಚೆಯಲ್ಲಿ ಎರಡು ವಾರ ಹೋಯಿತು, ಅದನ್ನು ಬರೆದರೆ ಇನ್ನೆರಡು ವಾರ ಬೇಕು, ಬಿಡಿ. ಓದಿನ ವಿಧಾನಕ್ಕೆ ಪೊಮೊಡೋರೊ ಅಂತ ಒಂದು ಆ್ಯಪ್ ಹಾಕಿಕೊಟ್ಟರು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ, ಓದೋಕೆ ಮನಸ್ಸು ನಿಲ್ಲದೆ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಿರುಗಿಸಿಟ್ಟು ಓದಿದ ವಿಧಾನ ಅದು. 25 ನಿಮಿಷ ಓದು, 5 ನಿಮಿಷ ಬಿಡುವು. ಪೊಮೊಡೋರೊ ಅಂದರೆ ಟೊಮೆಟೊ ಅಂತಲೇ ಅರ್ಥ. ಪಾಪ, ಅವನಿಗೆ ಬೇಕಾಗಿದ್ದು ಒಂದು ಟೊಮೆಟೊ. ಈಗಿನ ಆ್ಯಪಿಗೆ ಲಾಗಿನ್ ಬೇಕು, ಹಿನ್ನೆಲೆಗೆ ಮಳೆ ಸದ್ದು ಬೇಕು, ಓದಿದಷ್ಟೂ ಒಂದು ಗಿಡ ಬೆಳೆಯಬೇಕು. ಹುಡುಗ 25 ನಿಮಿಷ ಮಳೆ ಸದ್ದು ಆರಿಸುತ್ತಿದ್ದ. ಆಮೇಲೆ ಆ್ಯಪ್ ಹೇಳಿದ ಹಾಗೆ 5 ನಿಮಿಷ ಬಿಡುವು ತಗೊಳ್ಳುತ್ತಿದ್ದ. ಶಿಸ್ತಿನ ಹುಡುಗ.

ಸೂಟ್‌ಕೇಸ್ ವಿಷಯ ಮಾತ್ರ ನನಗೆ ಮರೆಯೋಕಾಗಲ್ಲ. ಹಾಸ್ಟೆಲ್‌ಗೆ ಹೋಗೋದು ಐದು ವಾರ ಇರುವಾಗಲೇ ಅಕ್ಕ ಅದನ್ನು ತುಂಬಿಸಿ, ಬೀಗ ಹಾಕಿ, ಬಾಗಿಲ ಹತ್ತಿರ ನಿಲ್ಲಿಸಿದ್ದಳು. ಒಳ್ಳೆ ಶರ್ಟುಗಳೆಲ್ಲ ಅದರೊಳಗೆ. ಇಸ್ತ್ರಿ ಮಾಡಿ, ಮಡಚಿ, ಮಧ್ಯೆ ಹಳೇ ಪೇಪರ್ ಇಟ್ಟು. ಹುಡುಗನಿಗೆ ಮನೆಯಲ್ಲಿ ಹಾಕಿಕೊಳ್ಳೋಕೆ ಉಳಿದದ್ದು ಎರಡು ಟೀ ಶರ್ಟು, ಅದರಲ್ಲಿ ಒಂದಕ್ಕೆ ಕಂಕುಳಲ್ಲಿ ತೂತು. ಅವನು ಕೈ ಎತ್ತಿದಾಗಲೆಲ್ಲ ಭವಿಷ್ಯದ ತಯಾರಿ ಕಾಣಿಸುತ್ತಿತ್ತು. ಸ್ನೇಹಿತನ ಮನೆಗೆ ಹೋಗ್ತೀನಿ, ಒಂದು ಶರ್ಟ್ ತೆಗಿಯಮ್ಮ ಅಂದ. "ಅದು ಕಾಲೇಜಿಗೆ" ಅಂದಳು ಅಕ್ಕ. ಹೋಗಲಿ ಚಪ್ಪಲಿ? ಅದೂ ಕಾಲೇಜಿಗೆ. ಒಂದು ದಿನ ಅವನು ಸೂಟ್‌ಕೇಸ್ ಪಕ್ಕ ನೆಲದ ಮೇಲೆ ಕೂತು ಅದರ ಚಕ್ರವನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. ಸುಮಾರು ಹತ್ತು ನಿಮಿಷ, ಏನೂ ಮಾಡದೆ. ನಾನು ಬಾಗಿಲಲ್ಲೇ ನಿಂತೆ. ಎರಡು ತಿಂಗಳಲ್ಲಿ ನಾನು ನೋಡಿದ ಅವನ ರಜೆ ಅಂದರೆ ಅದೇ. ಅಕ್ಕ ಒಳಗಿನಿಂದ "ಏನೋ ಮಾಡ್ತಿದ್ದೀಯ?" ಅಂತ ಕೂಗಿದಳು. "ಉಪಯುಕ್ತ ವಿಶ್ರಾಂತಿ" ಅಂದ. ಹುಡುಗ ಉದ್ಧಾರವಾಗುತ್ತಾನೆ ಅಂತ ನನಗೆ ಅವತ್ತು ನಂಬಿಕೆ ಬಂತು.

ಕಾಲೇಜು ಶುರುವಾಯಿತು. ಮೊದಲ ದಿನ ರಾತ್ರಿ ಫೋನ್ ಮಾಡಿದ. "ಮಾಮ, ಇವತ್ತು ಕ್ಲಾಸಲ್ಲಿ ಸರ್ ಬಂದವರೇ, ನೀವು ಇಲ್ಲೀವರೆಗೆ ಕಲಿತಿದ್ದನ್ನೆಲ್ಲ ಮರೆತುಬಿಡಿ, ಹೊಸದಾಗಿ ಶುರು ಮಾಡೋಣ ಅಂದ್ರು."

"ಅಯ್ಯೋ! ನೀನೇನು ಮಾಡಿದೆ?"

"ನನಗೇನು ಕಷ್ಟ ಆಗ್ಲಿಲ್ಲ. ಅದೊಂದರಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೀನಿ."

ಒಂದು ಕ್ಷಣ ಬಿಟ್ಟು ಮತ್ತೆ ಹೇಳಿದ. ಡಿಸೆಂಬರ್‌ನಲ್ಲಿ ಎರಡು ವಾರ ರಜೆ ಇದೆಯಂತೆ, ಎರಡನೇ ಸೆಮಿಸ್ಟರಿಗೆ ಬ್ರಿಡ್ಜ್ ಕೋರ್ಸ್ ಇಟ್ಟಿದ್ದಾರಂತೆ, ಈ ವಾರವೇ ಹೆಸರು ಕೊಡಬೇಕಂತೆ. ಆ ಆರು ಬಣ್ಣದ ಸ್ಕೆಚ್ ಪೆನ್ ಅಮ್ಮ ಎಲ್ಲಿಟ್ಟಿದ್ದಾಳೆ ಕೇಳಿ, ಸ್ವಲ್ಪ ಕಳಿಸಿಕೊಡಿ ಅಂದ.